ಪೆರಿಯಣ್ಣನ್ ಒತ್ತದೆ ಬಿಟ್ಟ ಹನ್ನೊಂದು ಬಸ್ಸು

ತಮಿಳುನಾಡಿನ ಕಣಿವೆಯೂರು ಕೊಂಬೈಯ ಕನ್ನಡ ಕುಲದ ಪೆರಿಯಣ್ಣನ್ ಮೂವತ್ತು ವರುಷ ದೇವರ ಹಸುಗಳನ್ನು ಬೆಟ್ಟದಡಿಯಲ್ಲಿ ಮೇಯಿಸಿದವನು. ಹಾಲು ಕರೆಯದೆ ಬಿಟ್ಟ ಆ ಹಸುಗಳು ಕುಲದೈವದ ಸೊತ್ತು. ಅವನ್ನು ಕಾಯುವುದೇ ಅವನ ಪೂಜೆ. ೨೦೧೮ರ ಮಾಘದಲ್ಲಿ ಮೆದುಳಿಗೆ ರಕ್ತ ತಡೆದು ಅವನ ಎಡಮೈ ಬಿದ್ದುಹೋಯಿತು. ಆರು ತಿಂಗಳಲ್ಲಿ ಕಾಲು ಮರಳಿತು, ಕೈ ಅರ್ಧ ಮರಳಿತು. ಆದರೆ ದೊಡ್ಡಿಯ ಹಿರಿಯರು ಹಸುಗಳನ್ನು ಮತ್ತೆ ಅವನ ಕೈಗೆ ಕೊಡಲು ಒಪ್ಪಲಿಲ್ಲ.

“ಎಡಕ್ಕೆ ಓದ ಅಸು ನಿನ್ ಕಣ್ಣಿಗೆ ಬೀಳ್ತೈತೆ ಅಂತ ಡಾಕ್ಟ್ರು ಕಾಗ್ದ ತಾ ಪೆರಿಯಣ್ಣಾ, ಆಮೇಲೆ ಕೋಲ್ ಇಡಿ.”

ದಿಂಡಿಗಲ್ಲಿನ ಆಸ್ಪತ್ರೆಯೊಂದಕ್ಕೆ, ಎಡಗಡೆಯದು ಗಮನಕ್ಕೆ ಬರುತ್ತದೆಯೇ ಎಂದು ಅಳೆಯುವ ಹೊಸ ಯಂತ್ರ ಬಂದಿತ್ತು. ಶಿರಸ್ತ್ರಾಣದಂತೆ ತಲೆಗೆ ತೊಡಿಸಿದರೆ, ಇಲ್ಲದ ಬೀದಿಯೊಂದು ಕಣ್ಣೆದುರು ನಿಲ್ಲುತ್ತದೆ. ಬಸ್ಸು ಕಂಡೊಡನೆ ಬಲಗೈಯಲ್ಲಿರುವ ಗುಂಡಿಯನ್ನು ಒತ್ತಬೇಕು. ಎಡದ ಬಸ್ಸುಗಳನ್ನು ಬಿಟ್ಟರೆ, ಆ ಕಡೆಯ ಗಮನ ಕೆಟ್ಟಿದೆಯೆಂದು ಲೆಕ್ಕ.

ಹೆಂಡತಿ ವೀರಮ್ಮಾಳ್ ಅದೇ ಬೀದಿಯನ್ನು ಮೇಜಿನ ಪರದೆಯಲ್ಲಿ ನೋಡುತ್ತಿದ್ದಳು. ಎಡಬಲಗಳಿಂದ ಬಂದ ಮೊದಲ ಒಂಬತ್ತು ಬಸ್ಸಿಗೂ ಅವನು ಒತ್ತಿದ. ಅನಂತರ ಎಡಗಡೆಯಿಂದ ಬಿಳಿಯ ಹಸುವೊಂದು ಬೀದಿಗಿಳಿಯಿತು. ಪೆರಿಯಣ್ಣನ್ ಗುಂಡಿಯನ್ನು ತೊಡೆಯ ಮೇಲಿಟ್ಟು, ಬಗ್ಗದ ಎಡಗೈಯನ್ನು ಬಲಗೈಯಿಂದ ಎಳೆದು ಜೋಡಿಸಿ, ತಲೆ ತಗ್ಗಿಸಿ ಕುಳಿತ. ಹಸು ದಾಟುವ ತನಕ ಬೇರೆ ಕೆಲಸಕ್ಕೆ ಕೈ ಹಾಕದಿರುವುದು ಅವರ ಕುಲದ ನಡೆ. ಯಂತ್ರದ ಹಸು ದಾಟಲೇ ಇಲ್ಲ, ನಡುಬೀದಿಯಲ್ಲಿ ನಿಂತೇ ಇತ್ತು. ಹನ್ನೊಂದು ಬಸ್ಸುಗಳು ಹೋದವು.

ವೈದ್ಯ ಶಿವಬಾಲನ್ ಯಂತ್ರ ಕೊಟ್ಟ ಅಂಕಿಯನ್ನಷ್ಟೇ ನೋಡಿ, “ಗಮನಶಕ್ತಿ ಕೆಟ್ಟಿದೆ, ದನ ಕಾಯಲು ಅನರ್ಹ” ಎಂದು ಬರೆದು ಓದಿ ಹೇಳಿದ.

ವೀರಮ್ಮಾಳ್ ಅವನ ಮೇಜಿನ ಮುಂದೆ ಬಂದು ನಿಂತಳು. “ಅವ್ರು ಅಸುಗೆ ಕೈ ಜೋಡ್ಸಿ ಕುಂಬಿಟ್ಟಿದ್ದು ನೀ ನೋಡ್ಲಿಲ್ವಾ ಡಾಕ್ಟ್ರೇ?”

“ಮಿಷಿನ್‌ಗೆ ಅದೆಲ್ಲ ತಿಳಿಯದಮ್ಮಾ.”

“ಮಿಷಿನ್‌ಗೆ ತಿಳೀದು, ಸರಿ. ನಿಂಗೆ ಕಣ್ಣೈತಲ್ಲ? ಎಡಗಡೆ ಅಸು ಕಾಣ್ದೇ ಇದ್ರೆ ಅವ್ರು ಯಾರಿಗೆ ಕೈ ಮುಗಿದ್ರು, ನಿಂಗಾ?”

ಸಹಾಯಕಿ ಇಂದುಜಾ ಬಂದ ನಗೆಯನ್ನು ನುಂಗಿಕೊಂಡಳು. ಹೊರಗೆ ಇಪ್ಪತ್ತು ಜನ ಕಾದಿದ್ದಾರೆಂದು ವೈದ್ಯ ಗದರಿದ.

“ಬಿಡು ವೀರಾ, ಓಗೋಣ” ಎಂದ ಪೆರಿಯಣ್ಣನ್.

“ನೀವು ಸುಮ್ನಿರಿ.” ಅವಳು ವೈದ್ಯನ ಎದುರಿನ ಕುರ್ಚಿಯಲ್ಲಿ ಕುಳಿತುಬಿಟ್ಟಳು.

ಯಂತ್ರದ ಬೀದಿಗೆ ಹಸುವನ್ನು ತಂದು ನಿಲ್ಲಿಸಿದವರು, ಅದಕ್ಕೆ ಕೈಮುಗಿಯುವ ಜನ ಈ ಕಣಿವೆಯಲ್ಲಿರಬಹುದೆಂದು ಒಂದು ಗಳಿಗೆಯಾದರೂ ಎಣಿಸಿದ್ದರೆ? ಮರೆವು ಅವರದು, ದಂಡನೆ ಇವನಿಗೆ. ಗಮನ ಕೆಟ್ಟಿದ್ದುದು ಯಾರದೆಂದು ಅಳೆಯುವ ಯಂತ್ರ ಆ ಕೋಣೆಯಲ್ಲಿರಲಿಲ್ಲ.

ಕೊನೆಗೆ ಇಂದುಜಾ ಹಸುವನ್ನು ತೆಗೆದು ಬೀದಿಯನ್ನು ಮತ್ತೆ ತೋರಿಸಿದಳು. ಇಪ್ಪತ್ತರಲ್ಲಿ ಹದಿನೆಂಟಕ್ಕೆ ಪೆರಿಯಣ್ಣನ್ ಒತ್ತಿದ. ತಪ್ಪಿದ ಎರಡೂ ಎಡಗಡೆಯವು. ಶಿವಬಾಲನ್ ಮೊದಲ ಸಾಲನ್ನು ಹೊಡೆದುಹಾಕಿ, “ಎಡಕ್ಕೆ ಅಲ್ಪ ಕೊರತೆ, ಜೊತೆಗೊಬ್ಬರಿದ್ದರೆ ದನ ಕಾಯಬಹುದು” ಎಂದು ಕೆಳಗೆ ಗೀಚಿದ.

ಇಂದುಜಾ ಓದಿ ಹೇಳಿದ್ದನ್ನು ಕೇಳಿ ವೀರಮ್ಮಾಳ್ ಕಾಗದವನ್ನು ಮೇಜಿನ ಮೇಲೆಯೇ ಹಿಂದಕ್ಕೆ ತಳ್ಳಿದಳು.

“ಒಡೆದಾಕಿದ್ದು ಬ್ಯಾಡ, ಒಸಾ ಕಾಗ್ದದಲ್ಲಿ ಬರಿ. ಎಡಗಡೆ ನಾ ನಡೀತೀನಿ. ನನ್ ಎಸ್ರೂ ಸೇರ್ಸು.”