ಲೂಯಿಸ್‌ವಿಲ್‌ನಲ್ಲಿ ಬೆಟ್ಟ ಕಟ್ಟುವ ಶಿವಬಸವ್ವ

ಬೆಳಗಿನ ಐದೂವರೆ. ಆಸ್ಟಿನ್ನಿಗೆ ಉತ್ತರದಲ್ಲಿರುವ ಲೂಯಿಸ್‌ವಿಲ್‌ನ ಸಣ್ಣ ವರ್ಕ್‌ಶಾಪೊಂದರಲ್ಲಿ ಶಿವಬಸವ್ವ ಮೇಜಿನ ಮೇಲಿರುವ ಬೆಟ್ಟಸಾಲಿಗೆ ಚೊಂಬಿನಿಂದ ನೀರು ಸುರಿಯುತ್ತಿದ್ದಾರೆ. ಫ್ಲೈಓವರಿಗಿಂತ ಎತ್ತರದ್ದೇನನ್ನೂ ಕಾಣದ ಈ ಊರಲ್ಲಿ ಬೆಟ್ಟ ನೋಡಿ ನಾನು ಬಾಯಿಬಿಟ್ಟು ನಿಂತಿದ್ದೇನೆ.

ಇದು ಅಂಧ ಮಕ್ಕಳು ಮುಟ್ಟಿ ಓದುವ ಉಬ್ಬು ನಕಾಶೆ. ವೇಲ್ಸ್‌ನ ಮೆರಿಯೊನೆತ್ ಎಂಬ ಹಳೆಯ ಕೌಂಟಿ. ಪಶ್ಚಿಮಕ್ಕೆ ಸಮುದ್ರ, ಮಿಕ್ಕಂತೆ ಬಹುಪಾಲು ಬೆಟ್ಟ. ಒಂದು ಬೆಟ್ಟದ ಹೆಸರಿಗೆ 'ಇಡ್ರಿಸ್‌ನ ಕುರ್ಚಿ' ಎಂದರ್ಥ, ಇಡ್ರಿಸ್ ದೈತ್ಯನಂತೆ. ಸೀಮೆಗೆ ಹೆಸರು ಬಂದದ್ದು ಮೇರಿಯನ್ ಎಂಬ ಪುರಾತನ ಅರಸುಕುವರನಿಂದ ಎನ್ನುತ್ತಾರೆ. ಆಸ್ಟಿನ್ನಿನ ಬೆಥನ್ ಎಂಬ ಹತ್ತು ವರ್ಷದ ಕಣ್ಣಿಲ್ಲದ ಹುಡುಗಿಯ ಅಜ್ಜಿ ಅಲ್ಲಿಯ ದೊಡ್ಡ ಕೆರೆಯ ದಂಡೆಯವರು. ಇವತ್ತು ಮಧ್ಯಾಹ್ನ ಎರಡಕ್ಕೆ ಬೆಥನ್ ತರಗತಿಯಲ್ಲಿ ಅಜ್ಜಿಯ ಊರನ್ನು ಮುಟ್ಟಿ ನೋಡಬೇಕು.

ಧಾರವಾಡದಲ್ಲಿ ಹೊಲಿಗೆ ಮಾಡುತ್ತಿದ್ದ ಶಿವಬಸವ್ವ ಇಲ್ಲಿಗೆ ಬಂದದ್ದು ೧೯೯೮ರಲ್ಲಿ. ಕಾರು ಓಡಿಸಲು ಬರುವುದಿಲ್ಲ. ಫುಟ್‌ಪಾತಿಲ್ಲದ ರಸ್ತೆಯಲ್ಲಿ ದಿನಾ ಅರ್ಧ ಗಂಟೆ ನಡೆದು ಬರುತ್ತಾರೆ. ನಕಾಶೆಯ ಒಂದೊಂದು ಎತ್ತರದ ಗೆರೆಗೂ ಒಂದೊಂದು ರಟ್ಟು ಕತ್ತರಿಸಿ, ಅರವತ್ತು ಪದರ ಪೇರಿಸಿ, ಮೇಲೆ ಗಾರೆ ಮೆತ್ತಿ ಬಣ್ಣ ಬಳಿಯುತ್ತಾರೆ. ಬೆರಳ ತುಂಬ ಚಾಕುವಿನ ಗಾಯ.

"ನಮ್ಮ ಕಡೆ ಮಣ್ಣಿನ ಮಾಳಗಿ ಮ್ಯಾಲ ಮಳಿಗಾಲಕ್ಕ ಮದ್ಲ ನೀರ ಸುರುವಿ ನೋಡ್ತೇವ್ರಿ, ಎಲ್ಲಿ ಹರೀತದ, ಎಲ್ಲಿ ನಿಲ್ತದ ಅಂತ. ಬೆಟ್ಟಕ್ಕೂ ಅದ ಪರೀಕ್ಷಾ," ಎನ್ನುತ್ತಾರೆ.

ಆದರೆ ಇವತ್ತು ನೀರು ಕೆರೆಯಲ್ಲಿ ನಿಲ್ಲುತ್ತಿಲ್ಲ. ಸುತ್ತಲೂ ಜಾರಿ ಹೋಗುತ್ತಿದೆ. ಶಿವಬಸವ್ವ ಕಣ್ಣು ಮುಚ್ಚಿ ಬೆರಳಾಡಿಸಿ, ಹಣೆ ಚಚ್ಚಿಕೊಳ್ಳುತ್ತಾರೆ. ಕೆರೆಯೊಳಗಿನ ಗೆರೆಗಳು ಆಳ ತೋರಿಸುವಂಥವು. ಅವನ್ನೂ ಎತ್ತರವೆಂದುಕೊಂಡು ಪದರ ಪೇರಿಸಿಬಿಟ್ಟಿದ್ದಾರೆ. ಅಜ್ಜಿಯ ಕೆರೆ ಗುಡ್ಡವಾಗಿದೆ!

ವರ್ಕ್‌ಶಾಪಿನ ಮಾಲೀಕ ಪ್ರಭಂಜನ ಗಡಿಯಾರ ನೋಡುತ್ತಾರೆ. ಆಸ್ಟಿನ್ನಿಗೆ ನಾಲ್ಕು ಗಂಟೆ ಡ್ರೈವ್ ಮಾಡಬೇಕು. "ಹೋಗ್ಲಿ ಬಿಡಿ ಆಂಟಿ, ಯಾರಿಗೆ ಗೊತ್ತಾಗತ್ತೆ?"

"ಕಣ್ಣಿದ್ದವ್ರು ಇನ್ನೊಂದು ನಕಾಶಿ ನೋಡಿ ತಿದ್ಕೊಂತಾರ. ಆಕಿಗೆ ಇದ ಖರೇ ಆಗ್ತದಲ್ಲೋ!" ಎನ್ನುತ್ತಲೇ ಶಿವಬಸವ್ವ ಚಾಕು ಹಿಡಿಯುತ್ತಾರೆ.

ಸುಮಾರು ನಾಲ್ಕು ಗಂಟೆ ತಲೆಯೆತ್ತುವುದಿಲ್ಲ. ಗುಡ್ಡ ಕೆತ್ತಿ, ತಗ್ಗು ತೋಡಿ, ಬೇಗ ಒಣಗುವ ಗಾರೆ ಮೆತ್ತಿ, ಬಣ್ಣ ಬಳಿದು ಹೇರ್ ಡ್ರೈಯರ್ ಹಿಡಿಯುತ್ತಾರೆ. ಒಂಬತ್ತೂವರೆಗೆ ಮತ್ತೆ ಚೊಂಬು. ನೀರು ಬೆಟ್ಟಗಳಿಂದಿಳಿದು, ಕಣಿವೆ ಹಿಡಿದು, ಕೆರೆಗೆ ಬಂದು ನಿಲ್ಲುತ್ತದೆ. ಒಂದು ಸೀಮೆಯನ್ನೇ ಈಕೆ ಕೈಯಲ್ಲಿ ಮಾಡಿದ್ದಾರೆ, ಅದನ್ನು ಒಮ್ಮೆಯೂ ಕಂಡವರಲ್ಲ.

ಪ್ರಭಂಜನ ಬೆಟ್ಟಗಳನ್ನು ವ್ಯಾನಿಗೆ ಏರಿಸುವಾಗ ಕೇಳುತ್ತೇನೆ: "ಮೇರಿಯನ್ ಹೆಸರು ಒಂದು ಸೀಮೆಗೇ ನಿಂತಿದೆ. ನಿಮ್ಮ ಹೆಸರನ್ನ ಇದರ ತಳದಲ್ಲಾದರೂ ಬರೀಬಾರದಾ?"

ಶಿವಬಸವ್ವ ಗಾರೆಯ ಕೈ ತೊಳೆಯುತ್ತ ನಗುತ್ತಾರೆ. "ತಳದಾಗ ಬರದ್ರ ಆಕಿ ಬೆರಳಿಗೆ ಹ್ಯಾಂಗ ಸಿಗ್ತದರಿ? ಆಕಿಗೆ ಕೆರಿ ಸಿಗಲಿ, ಸಾಕು."