ಎಡೆಗೆ ಇಡದ ಲೋಟ

ಹೆಡತಲೆ ಊರಿನ ಕೆಂಪಾಜಮ್ಮ ಅಪ್ಪನ ಮುಖ ಕಂಡವಳಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಊರಾಚೆಯ ಬಯಲಿನಲ್ಲಿ ಬೀಡುಬಿಟ್ಟಿದ್ದ ಸೇನೆಯ ಅಡುಗೆಮನೆಗೆ ಸೌದೆ ಒಡೆಯುತ್ತಿದ್ದ ಅವಳಪ್ಪ ಹುಚ್ಚಯ್ಯ, ಕ್ಯಾಂಪು ಎದ್ದ ದಿನ ಅವರದೇ ಲಾರಿ ಹತ್ತಿ ಹೋಗಿಬಿಟ್ಟ. ಆಗ ಅವಳಿನ್ನೂ ಅವ್ವನ ಹೊಟ್ಟೆಯಲ್ಲಿದ್ದಳು. ಸತ್ತ ಸುದ್ದಿಯೂ ಬರಲಿಲ್ಲ, ಅವನೂ ಬರಲಿಲ್ಲ. ಅವ್ವ ಕೊನೆಯವರೆಗೂ ಬಳೆ ತೆಗೆಯಲಿಲ್ಲ. ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆಲ್ಲ ಎಡೆ ಇಟ್ಟರೂ ಗಂಡನ ಹೆಸರಿಗೆ ಇಡಲಿಲ್ಲ. ನಂಜನಗೂಡು ಸಂತೆಯಲ್ಲಿ ಖಾಕಿ ತೊಟ್ಟ ಮುದುಕರು ಕಂಡರೆ ನಿಂತು ನೋಡುವ ಚಾಳಿ ಮಗಳಿಗೂ ಅಂಟಿತು.

ಈ ವರ್ಷ ಆ ಬಯಲಿನಲ್ಲಿ ಪೈಪಿಗಾಗಿ ಅಗೆದಾಗ ತುಕ್ಕು ಹಿಡಿದ ಡಬ್ಬಿಗಳು, ಹಲ್ಲು ಮುರಿದ ಬಾಚಣಿಗೆ, ಬಿಳಿ ಬಣ್ಣ ಚಕ್ಕೆಯೆದ್ದ ತಗಡಿನ ಲೋಟ ಸಿಕ್ಕವು. ಕೆಂಪಾಜಮ್ಮ ಲೋಟವನ್ನು ಸೆರಗಿನಲ್ಲಿ ಸುತ್ತಿ ತಂದು ಹುಣಸೆಹಣ್ಣು ಹಾಕಿ ತಿಕ್ಕಿದಳು.

"ಅಲ್ಲಿ ಸಾವ್ರಾರು ಜನ ಇದ್ರಂತೆ ಕಣವ್ವ. ಇದು ತಾತಂದೇ ಅಂತ ಯಾರೇಳಿದ್ರು?" ಎಂದ ಮಗ ಮಹೇಂದ್ರ.

"ಯಾರೋ ಒಬ್ಬಳ ಅಪ್ಪಂದು ತಾನೆ? ಸುಮ್ಕಿರ್ಲಾ."

ಅಮಾವಾಸ್ಯೆಯ ದಿನ ಸೊಸೆ ಶಾಲಿನಿ ಎಡೆ ಬಡಿಸಿ, ಲೋಟವನ್ನೂ ಅದರ ಪಕ್ಕದಲ್ಲಿಡಲು ಎತ್ತಿಕೊಂಡಳು. "ಈಗ ಇದ್ದಿದ್ರೆ ತಾತಂಗೆ ನೂರು ದಾಟಿರೋದು, ಅತ್ತೆ."

"ದಾಟ್ಲಿ ಬುಡು," ಎಂದು ಮುದುಕಿ ರೇಗಿ ಲೋಟ ಕಿತ್ತುಕೊಂಡಳು. "ಎಡೆ ಸತ್ತೋರ್ಗೆ. ನಮ್ಮವ್ವ ಇಟ್ಟಿಲ್ಲ, ನಾನೂ ಇಡಕಿಲ್ಲ."

ದೂರದಿಂದ ನಡೆದು ಬಂದವರಿಗೆ ಕೊಡುವಂತೆ, ಲೋಟದ ತುಂಬ ನೀರು ತುಂಬಿ ಜಗಲಿಯ ಮೇಲಿಟ್ಟು ಪಕ್ಕದಲ್ಲಿ ಕೂತಳು. ಸಂಜೆ ಆ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಹೊಸ ನೀರು ತುಂಬಿಟ್ಟಳು.