ಟ್ರಂಕಿನಲ್ಲಿಟ್ಟ ಕೌದಿ

ಶಂಕ್ರಮ್ಮ, ನಿನ್ನ ಚೊಚ್ಚಲ ಕೂಸಿನ ಮೇಲೆ ನೀನು ಹೊರಳಲಿಲ್ಲ. ಅದನ್ನು ಬೋರಲು ಮಲಗಿಸಿ, ತಲೆಯತನಕ ಕೌದಿ ಹೊದಿಸಿದವಳು ನಾನು — ನಿನ್ನ ಅಕ್ಕ.

ಮೊನ್ನೆ ಮಾನ್ವಿಯ ಅಂಗನವಾಡಿಯಲ್ಲಿ ನೀನು ಮಾತಾಡಿದ್ದನ್ನು ಹಿಂದೆ ಕೂತು ಕೇಳಿದೆ. ಆಶಾ ಕಾರ್ಯಕರ್ತೆಯ ಗುಲಾಬಿ ಸೀರೆ, ಕೈಯಲ್ಲಿ ಬಟ್ಟೆಯ ಗೊಂಬೆ. ಗೊಂಬೆಯನ್ನು ನೀನು ಅಂಗಾತ ಮಲಗಿಸಿ ಸುತ್ತಲಿನ ದಿಂಬು, ಅರಿವೆಗಳನ್ನೆಲ್ಲ ದೂರ ಸರಿಸಿದೆ. ಮುದುಕಿಯೊಬ್ಬಳು ಕೆಣಕಿದಳು — "ನಾವು ಮನಿ ತುಂಬ ಹಡದಿಲ್ಲೇನು? ನೀ ಬಂದು ಕಲಸಬೇಕೇನ ನಮಗ?"

"ಹಡದೀರಿ ಯವ್ವಾ. ಎಲ್ಲಾ ಉಳದಾವೇನ್ರಿ?"

ಮುದುಕಿ ತಲೆ ತಗ್ಗಿಸಿದಳು. ನೀನು ಹೋಗಿ ಅವಳ ಕೈ ಹಿಡಿದು ಕೂತೆ. ಹೆಮ್ಮೆಯಿಂದ ನನ್ನ ಎದೆ ತುಂಬಿತು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಇವಳು ನಾನು ಎತ್ತಿ ಆಡಿಸಿದ ತಂಗಿ ಎಂದು ಪಕ್ಕದವಳಿಗೆ ಹೇಳಿಯೇಬಿಟ್ಟೆ.

ಆಗಲೇ ನೀನು ಅಂದದ್ದು — "ನನ್ನ ಕೂಸು ನನ್ನ ಮೈಯಡಿ ಸಿಕ್ಕು ಹೋತು. ನಿಮ್ಮವು ಹಂಗ ಹೋಗೂದು ಬ್ಯಾಡ."

ಅವ್ವ ಇಲ್ಲದ ದೇವದುರ್ಗದ ಮನೆಯಲ್ಲಿ ನಿನ್ನ ಬಾಣಂತನ ಮಾಡಿದವಳು ನಾನು. ಕೂಸನ್ನು ಅಂಗಾತವೇ ಮಲಗಿಸಿ, ಮುಖದ ಹತ್ತಿರ ಏನೂ ಇಡಬೇಡಿ ಎಂದು ರಾಯಚೂರಿನ ಆಸ್ಪತ್ರೆಯ ನರ್ಸಮ್ಮ ಹೇಳಿ ಕಳಿಸಿದ್ದಳು. ನೀನು ಹಾಗೇ ನಡೆದುಕೊಂಡೆ. ಅವ್ವನ ಹಳೇ ಸೀರೆಗಳನ್ನು ಕೂಡಿಸಿ ನಾನು ಕೂಸಿಗೆಂದೇ ಹೊಲಿದ ಕೌದಿ ಗೂಟಕ್ಕೇ ತೂಗುತ್ತಿತ್ತು. ಓಣಿಯಲ್ಲಿ ನನ್ನಂಥ ಹೊಲಿಗೆ ಯಾರದೂ ಇರಲಿಲ್ಲ — ಅದು ಅಲ್ಲಿ ತೂಗುವುದನ್ನು ನೋಡಿ ನೋಡಿ ನನಗೆ ಸಂಕಟ.

ಆ ಮಧ್ಯಾಹ್ನ ಬಿಸಿನೀರು ಹಾಕಿಸಿಕೊಂಡು ನೀನು ನಿದ್ದೆಹೋಗಿದ್ದೆ. ಪಕ್ಕದಲ್ಲಿ ಕೂಸು ಬೆಚ್ಚಿ ಬೆಚ್ಚಿ ಅಳುತ್ತಿತ್ತು. ಕೌದಿಯ ಅರ್ಧ ಮಡಿಚಿ ಮೆತ್ತಗೆ ಹಾಸಿ, ಕೂಸನ್ನು ಬೋರಲು ಹಾಕಿ, ಉಳಿದರ್ಧ ಹೊದಿಸಿದೆ. ಕೂಸು ತಕ್ಷಣ ಸುಮ್ಮನಾಯಿತು. ನರ್ಸಮ್ಮನಿಗೇನು ಗೊತ್ತು ಎಂದು ಬೀಗುತ್ತ ರೊಟ್ಟಿ ಬಡಿಯಲು ಹೋದೆ. ತಿರುಗಿ ಬಂದು ಮುಟ್ಟಿದಾಗ —

ನಿನ್ನನ್ನು ಎಬ್ಬಿಸಲಿಲ್ಲ, ತಂಗಿ. ಮೊದಲು ಕೂಸನ್ನು ಅಂಗಾತ ತಿರುಗಿಸಿದೆ. ಕೌದಿಯನ್ನು ಟ್ರಂಕಿಗೆ ತುರುಕಿದೆ. ಆಮೇಲೆ ಕೂಗಿದೆ.

ಸುದ್ದಿ ಕೇಳಿ ಮಾನ್ವಿಯಿಂದ ಬಂದ ನಿನ್ನ ಅತ್ತೆ ಎಲ್ಲರೆದುರು ಅಂದಳು — "ಖಬರಿಲ್ದಂಗ ಮಲಗ್ಯಾಳ. ಕೂಸಿನ ಮ್ಯಾಲ ಹೊರಳ್ಯಾಳ." ನೀನು ನನ್ನ ಮುಖ ನೋಡಿದೆ. ನಾನು ಒಲೆಯ ಕಡೆ ನೋಡಿದೆ.

ನಿದ್ದೆಯಲ್ಲಿ ಹೋದ ಕೂಸು ಯಾತರಿಂದ ಹೋಯಿತೆಂದು ಎಷ್ಟೋ ಸಲ ಡಾಕ್ಟರಿಗೂ ತಿಳಿಯುವುದಿಲ್ಲ ಎಂದು ನೀನೇ ಹೇಳುತ್ತೀ. ಆ ಮಾತಿನ ಹಿಂದೆ ನಾನು ಅಡಗುವುದಿಲ್ಲ. ಬೇಡವೆಂದದ್ದನ್ನೇ ಮಾಡಿದೆ. ಮಾಡಿ, ನಿನ್ನ ತಲೆಗೆ ಕಟ್ಟಿದೆ. ಆ ಭಾರ ಹೊತ್ತುಕೊಂಡೇ ನೀನು ಮುಂದೆ ಓದಿದೆ, ಆಮೇಲೆ ಹುಟ್ಟಿದ ಮಗಳನ್ನು ಬೆಳೆಸಿದೆ, ಮಂದಿಯ ಕೂಸುಗಳನ್ನು ಕಾಯಲು ಮನೆಮನೆ ತಿರುಗಿದೆ. ನಿನ್ನನ್ನು ನೆನೆದರೆ ಈಗಲೂ ಹೆಮ್ಮೆಯೇ ಮೊದಲು ಬರುತ್ತದೆ — ಆ ಹೆಮ್ಮೆಗೆ ನನಗೆ ಯಾವ ಹಕ್ಕೂ ಇಲ್ಲ.

ಕೌದಿ ಇನ್ನೂ ಟ್ರಂಕಿನಲ್ಲಿದೆ. ನಾಳೆ ಅದನ್ನು ಹಿಡಿದು ಮಾನ್ವಿಗೆ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೂ ಹೊರಗೆ ಕೂತು ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಮುಂದಿನ ಸಲ ಗೊಂಬೆ ಹಿಡಿದು ನಿಂತಾಗ ನಿನ್ನ ತಪ್ಪು ಹೇಳಬೇಡ, ಶಂಕ್ರಮ್ಮ. ನನ್ನದು ಹೇಳು. ಹೆಸರು ಹಿಡಿದೇ ಹೇಳು.